ಗ್ರೋತ್ ಮತ್ತು ಐಡಿಸಿಡಬ್ಲ್ಯೂ: ಒಂದೇ ಫಂಡು, ಎರಡು ತೆರಿಗೆ ಲೆಕ್ಕ

ಷೇರುಗಳಲ್ಲಿ ಹಣ ಹೂಡುವ ಒಂದೇ ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲಿ ನನ್ನ ಎರಡು ಹೂಡಿಕೆಗಳಿವೆ: ಒಂದು ಲಾಭ ಫಂಡಿನಲ್ಲೇ ಉಳಿದು ಬೆಳೆಯುವ ಗ್ರೋತ್, ಇನ್ನೊಂದು ಆಗಾಗ ಹಣ ಹಂಚುವ ಐಡಿಸಿಡಬ್ಲ್ಯೂ (ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್, ಅಂದರೆ ಆದಾಯ ಹಂಚಿಕೆ ಮತ್ತು ಬಂಡವಾಳದ ಹಿಂಪಡೆತ). ಹಿಂದೆ ಡಿವಿಡೆಂಡ್ ಎನ್ನುತ್ತಿದ್ದ ಆಯ್ಕೆಗೆ ಮಾರುಕಟ್ಟೆ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಿಂದ ಈ ಹೆಸರಿಟ್ಟಿತು. ಹಂಚುವ ಹಣದಲ್ಲಿ ನಮ್ಮದೇ ಬಂಡವಾಳವೂ ಸೇರಿರಬಹುದು ಎಂಬುದು ಹೆಸರಿನಲ್ಲೇ ತಿಳಿಯಲಿ ಎಂಬ ಉದ್ದೇಶ ಸರಿಯಾದದ್ದೇ.

2025ರ ಸೆಪ್ಟೆಂಬರ್‌ನಲ್ಲಿ ಯೂನಿಟ್‌ಗೆ ₹3ರಂತೆ ನನ್ನ 4,000 ಯೂನಿಟ್‌ಗಳಿಗೆ ₹12,000 ಹಂಚಿಕೆಯಾಯಿತು. ಮೊತ್ತ ₹10,000 ದಾಟಿದ್ದರಿಂದ ಶೇ 10ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಳೆದು ಬ್ಯಾಂಕಿಗೆ ಬಂದದ್ದು ₹10,800. ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ₹52.40ರಿಂದ ₹49.40ಕ್ಕೆ ಇಳಿದಿತ್ತು, ಅಂದರೆ ಬಂದ ಹಣ ನನ್ನ ಹೂಡಿಕೆಯಿಂದಲೇ ಹೊರಟದ್ದು. ಆದರೂ ಪೂರ್ಣ ₹12,000 ನನ್ನ ಆದಾಯಕ್ಕೆ ಸೇರಿ, ಶೇ 30ರ ಸ್ಲ್ಯಾಬ್ ಮತ್ತು ಸೆಸ್ ಪ್ರಕಾರ ₹3,744 ತೆರಿಗೆಯಾಯಿತು. ಅಷ್ಟೇ ಹಣಕ್ಕಾಗಿ ಗ್ರೋತ್‌ನಲ್ಲಿ ₹60ಕ್ಕೆ ಕೊಂಡಿದ್ದ 150 ಹಳೆಯ ಯೂನಿಟ್‌ಗಳನ್ನು ₹80ರಂತೆ ಮಾರಿದಾಗ ತೆರಿಗೆಯ ಲೆಕ್ಕಕ್ಕೆ ಬಂದದ್ದು ₹3,000 ಲಾಭ ಮಾತ್ರ. ವರ್ಷಕ್ಕೆ ₹1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ (ಒಂದು ವರ್ಷಕ್ಕೂ ಹೆಚ್ಚು ಇಟ್ಟುಕೊಂಡ ಯೂನಿಟ್‌ಗಳ ಲಾಭ) ತೆರಿಗೆ ಇಲ್ಲದ್ದರಿಂದ ನಾನು ಏನೂ ಕಟ್ಟಬೇಕಾಗಲಿಲ್ಲ. ಮಿತಿ ದಾಟಿದ್ದರೂ ಶೇ 12.5ರಂತೆ, ಸೆಸ್ ಸೇರಿ, ₹390 ಆಗುತ್ತಿತ್ತು.

ಗ್ರೋತ್‌ನಲ್ಲಿ ಯಾವಾಗ, ಎಷ್ಟು ಮಾರಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಆದರೆ ದಿನಾಂಕದ ಎಚ್ಚರವೂ ನಮ್ಮದೇ. ಬಳಸದ ವಿನಾಯಿತಿ ಮುಂದಿನ ವರ್ಷಕ್ಕೆ ಬರುವುದಿಲ್ಲವೆಂದು ಪ್ರತಿ ಮಾರ್ಚ್‌ನಲ್ಲಿ ಲಾಭದ ಯೂನಿಟ್‌ಗಳನ್ನು ಮಾರಿ ಮರಳಿ ಕೊಳ್ಳುತ್ತೇನೆ. 2024ರಲ್ಲಿ ಮಾರ್ಚ್ 28ರ ಮಧ್ಯಾಹ್ನ ಮೂರರ ನಂತರ ಮಾರಾಟದ ಕೋರಿಕೆ ಸಲ್ಲಿಸಿದೆ. ಮರುದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ಮೂರರ ನಂತರದ ಕೋರಿಕೆಗೆ ಮುಂದಿನ ವಹಿವಾಟು ದಿನದ ಬೆಲೆಯಾದ್ದರಿಂದ ಸಿಕ್ಕಿದ್ದು ಏಪ್ರಿಲ್‌ನ, ಅಂದರೆ ಮುಂದಿನ ಹಣಕಾಸು ವರ್ಷದ, ಎನ್‌ಎವಿ. ಆಗ ₹1 ಲಕ್ಷವಿದ್ದ ಆ ವರ್ಷದ ವಿನಾಯಿತಿ ಕೈತಪ್ಪಿತು. ಈಗ ಮಾರ್ಚ್ ಎರಡನೇ ವಾರದಲ್ಲೇ ಈ ಕೆಲಸ ಮುಗಿಸುತ್ತೇನೆ. ಅದಕ್ಕೆ ಮೊದಲು ಒಂದು ವರ್ಷ ತುಂಬದ ಯೂನಿಟ್‌ಗಳಿವೆಯೇ, ಎಕ್ಸಿಟ್ ಲೋಡ್ (ಬೇಗ ಮಾರಿದರೆ ಫಂಡು ಕಳೆದುಕೊಳ್ಳುವ ಶುಲ್ಕ) ಬೀಳುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ.

ಐಡಿಸಿಡಬ್ಲ್ಯೂ ಎಲ್ಲರಿಗೂ ತಪ್ಪು ಆಯ್ಕೆಯಲ್ಲ. ಸಣ್ಣ ಪಿಂಚಣಿಯೊಂದೇ ಆದಾಯವಾಗಿರುವ ನಮ್ಮ ತಾಯಿಯವರಿಗೆ ಹಂಚಿಕೆಯ ಹಣ ಸೇರಿದರೂ ತೆರಿಗೆ ಬರುವುದಿಲ್ಲ. 2025ರಲ್ಲಿ 15ಎಚ್ ಫಾರ್ಮ್ ಕೊಟ್ಟದ್ದರಿಂದ ಅವರಿಗೆ ಟಿಡಿಎಸ್ ಕೂಡ ಕಡಿತವಾಗಲಿಲ್ಲ. ಮಾರಾಟದ ಗೊಡವೆಯಿಲ್ಲದೆ ಹಣ ಖಾತೆಗೆ ಬರುವುದು ಅವರಿಗೆ ನೆಮ್ಮದಿ. ಆದರೆ ಹಂಚಿಕೆ ಖಚಿತವಲ್ಲವಾದ್ದರಿಂದ ಔಷಧಿಯ ಖರ್ಚನ್ನು ಅದರ ಮೇಲೆ ನಿಲ್ಲಿಸಿಲ್ಲ.

ಶೇ 30ರ ಸ್ಲ್ಯಾಬಿನಲ್ಲಿರುವ ನನಗೆ ಗ್ರೋತೇ ಸರಿ. ಆದರೆ ಅದೇ ಫಂಡಿನೊಳಗೆ ಐಡಿಸಿಡಬ್ಲ್ಯೂನಿಂದ ಗ್ರೋತ್‌ಗೆ ಬದಲಿಸಿದರೂ ಅದನ್ನು ಮಾರಾಟವೆಂದೇ ಪರಿಗಣಿಸುವುದರಿಂದ, ಉಳಿದ ಯೂನಿಟ್‌ಗಳನ್ನು ಒಟ್ಟು ಲಾಭ ₹1.25 ಲಕ್ಷದೊಳಗೆ ಇರುವಂತೆ ಎರಡು ಹಣಕಾಸು ವರ್ಷಗಳಿಗೆ ಹಂಚಿ ವರ್ಗಾಯಿಸುತ್ತಿದ್ದೇನೆ.