ಮಕ್ಕಳ ಉಬ್ಬಸಕ್ಕೆ ಹೆಸರಿಲ್ಲದ ಪುಡಿ ಕೊಡಬೇಡಿ, ನಾನು ಕೊಟ್ಟು ಅನುಭವಿಸಿದ್ದೇನೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ನನಗೆ ಆ ಪುಡಿ ಕೊಟ್ಟ ಮನುಷ್ಯ ಇವತ್ತೂ ಪೊಟ್ಟಣ ಕಟ್ಟಿ ಕೊಡುತ್ತಿದ್ದಾನೆ.

ನಾವು ದಾವಣಗೆರೆಯವರು. ಮಗಳಿಗೆ ಈಗ 7 ವರ್ಷ. ಚಿಕ್ಕವಳಿದ್ದಾಗಿಂದ ಉಬ್ಬಸ. ಮಕ್ಕಳ ಡಾಕ್ಟರ್ ಎರಡು ಪಂಪ್ (ಇನ್ಹೇಲರ್) ಬರೆದುಕೊಟ್ಟಿದ್ದರು. ಒಂದು ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ದಿನಾ ಎರಡು ಹೊತ್ತು ಸ್ಪೇಸರ್ (ಪಂಪಿಗೆ ಸಿಕ್ಕಿಸೋ ಕೊಳವೆ) ಇಟ್ಟು ಎಳೆಯೋದು, ಆಮೇಲೆ ಬಾಯಿ ಮುಕ್ಕಳಿಸೋದು. ಇನ್ನೊಂದು ಸಾಲ್ಬುಟಮಾಲ್, ಉಸಿರು ಕಟ್ಟಿದಾಗ ಮಾತ್ರ. ಮಗಳು ಚೆನ್ನಾಗಿಯೇ ಇದ್ದಳು. ಆದರೆ ನೆಂಟರ ಮಾತು ಗೊತ್ತಲ್ವಾ? "ಪಂಪ್ ಅಭ್ಯಾಸ ಆಗಿಬಿಡುತ್ತೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತೆ. ಹೆಣ್ಣು ಮಗು ಬೇರೆ." ಆ ಕೊನೆ ಮಾತಿಗೆ ನಾನು ಹೆದರಿಬಿಟ್ಟೆ.

ಎರಡು ಗಂಟೆ ಬಸ್ಸಲ್ಲಿ ಹೋದರೆ ಆ ಪುಡಿ ಕೊಡೋನ ಮನೆ. ಜಗಲಿ ತುಂಬಾ ಜನ. ನಾಡಿ ಹಿಡಿದ, ಮೂರು ತಿಂಗಳ ಪುಡಿ ಕೊಟ್ಟ, 4,500 ರೂಪಾಯಿ ತಗೊಂಡ. ಬಿಳಿ ಕಾಗದದ ಪೊಟ್ಟಣ, ಮೇಲೆ ಒಂದಕ್ಷರ ಇಲ್ಲ. ಏನೇನು ಹಾಕಿದ್ದೀರಿ ಅಂದೆ. "ಬರೀ ಬೇರು, ಸೊಪ್ಪು ತಾಯಿ. ನಮ್ಮ ತಾತನ ಕಾಲದ್ದು, ಹೊರಗೆ ಹೇಳೋ ಹಾಗಿಲ್ಲ" ಅಂದ. "ಪಂಪ್ ಬಿಡಬೇಕು, ಇಲ್ಲಾಂದ್ರೆ ನಮ್ಮ ಮದ್ದು ಹಿಡಿಯಲ್ಲ" ಅಂತಲೂ ಅಂದ. ಬಿಟ್ಟೆ.

ವಾರದೊಳಗೆ ಮಗಳ ಕೆಮ್ಮು ಮಾಯ. ಅರ್ಧ ಚಪಾತಿ ತಿನ್ನೋಕೂ ಅಳುತ್ತಿದ್ದವಳು ಮೂರು ತಿಂದು ಇನ್ನೂ ಬೇಕು ಅನ್ನುತ್ತಿದ್ದಳು. ಕೆನ್ನೆ ಗುಂಡಗಾಯಿತು. ನಮ್ಮತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಆ ಕೆನ್ನೆ ನೋಡಿ ನಾನೆಷ್ಟು ಖುಷಿಪಟ್ಟೆ ಅಂದರೆ, ಇಬ್ಬರಿಗೆ ಅವನ ನಂಬರ್ ಕೊಟ್ಟೆ. ನಾನೇ ಕೊಟ್ಟೆ.

ಸಂಕ್ರಾಂತಿ ಹೊತ್ತಿಗೆ ಪುಡಿ ಮುಗಿಯಿತು. ಹಬ್ಬ ಮುಗಿಸಿ ತಂದರಾಯಿತು ಅಂದುಕೊಂಡೆವು. ಅಷ್ಟರಲ್ಲಿ ಮಗಳಿಗೆ ನೆಗಡಿ ಬಂತು. ಮೂರನೇ ರಾತ್ರಿ ಶುರುವಾಯಿತು ನೋಡಿ. ಪಕ್ಕೆ ಒಳಕ್ಕೆ ಎಳೆಯುತ್ತಿತ್ತು, ಕತ್ತಿನ ಕೆಳಗೆ ಗುಳಿ ಬೀಳುತ್ತಿತ್ತು. "ಅಮ್ಮ" ಅಂದಳು, ಉಸಿರು ಎಳೆದುಕೊಂಡಳು, ಆಮೇಲೆ "ನೀರು" ಅಂದಳು. ಒಂದೇ ಉಸಿರಿಗೆ ಎರಡು ಮಾತು ಆಡೋಕೆ ಆಗುತ್ತಿರಲಿಲ್ಲ. ಸಾಲ್ಬುಟಮಾಲ್ ಪಂಪ್ ಹುಡುಕಿದೆ, ಖಾಲಿ. ಪಂಪ್ ಬೇಡ ಅಂದಮೇಲೆ ಹೊಸದು ತಂದಿಟ್ಟಿರಲೇ ಇಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲಿ ಎತ್ತಿದ. "ಒಳಗಿನ ಕಫ ಕಿತ್ತು ಬರ್ತಿದೆ, ಒಳ್ಳೇದೇ. ಬಿಸಿನೀರು ಕುಡಿಸಿ" ಅಂದ. ಮಗು ಮಡಿಲಲ್ಲಿ ಒದ್ದಾಡುತ್ತಿದೆ, ಒಳ್ಳೇದೇ ಅಂತಾನೆ!

ಆಕ್ಸಿಜನ್ ಹಾಕಿದರು, ಮೇಲಿಂದ ಮೇಲೆ ನೆಬುಲೈಸ್ ಮಾಡಿದರು. ಡ್ಯೂಟಿ ಡಾಕ್ಟರ್ ಮಗಳ ಕೆನ್ನೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ "ಯಾವುದಾದರೂ ಪುಡಿ ಕೊಡ್ತಿದ್ರಾ?" ಅಂತ ಕೇಳಿದರು. ನಾನು "ಇಲ್ಲ" ಅಂದೆ. ಹೌದು, ಸುಳ್ಳು ಹೇಳಿದೆ. ನಮ್ಮತ್ತೆ ಅಳುತ್ತಾ ಹೇಳಿಬಿಟ್ಟರು.

ಬಂದ ಕೂಡಲೇ ತೆಗೆದಿದ್ದ ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ದೇಹ ತಾನೇ ಮಾಡಿಕೊಳ್ಳೋ ಸ್ಟೀರಾಯ್ಡ್, ತುಂಬಾ ಕಡಿಮೆ ಇತ್ತು. ಅಷ್ಟು ಒದ್ದಾಡುವ ಮಗುವಿಗೆ ಅದು ಏರಿರಬೇಕಿತ್ತಂತೆ. ಪುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸಿರಬೇಕು, ಕೆನ್ನೆ ಊದಿದ್ದು, ಹಸಿವು ಹೆಚ್ಚಿದ್ದು ಎಲ್ಲ ಅದಕ್ಕೇ ಅಂದರು. ಹೊರಗಿಂದ ದಿನಾ ಸಿಕ್ಕರೆ ದೇಹ ತಾನೇ ಮಾಡಿಕೊಳ್ಳೋದನ್ನು ನಿಲ್ಲಿಸುತ್ತೆ, ತಟ್ಟನೆ ನಿಂತರೆ ಜೀವಕ್ಕೇ ಕುತ್ತು. ಪಂಪಿನಲ್ಲಿ ಇರೋದು ಮೈಕ್ರೋಗ್ರಾಂ ಲೆಕ್ಕದ್ದು, ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಅದೂ ಬಹುಪಾಲು ಕೆಲಸ ಮಾಡೋದು ಶ್ವಾಸಕೋಶದಲ್ಲೇ. ಅದಕ್ಕೆ ಹೆದರಿ ನಾನು ಲೆಕ್ಕವೇ ಇಲ್ಲದ ಸ್ಟೀರಾಯ್ಡನ್ನು ಜೇನುತುಪ್ಪದಲ್ಲಿ ಕಲಸಿ ತಿನ್ನಿಸಿದ್ದೆ. ನನ್ನ ಕೈಯಾರೆ.

ಮನೆಗೆ ಬಂದಮೇಲೆ ಅವನಿಗೆ ಮತ್ತೆ ಫೋನ್ ಮಾಡಿದೆ. ಮೊದಲು "ಪಥ್ಯ ಮುರಿದಿದ್ದೀರಿ, ಮೊಸರು ಕೊಟ್ಟಿರಬೇಕು" ಅಂದ. ಕೊಟ್ಟಿಲ್ಲ ಅಂದೆ. "ನಡುವೆ ನಿಲ್ಲಿಸಿದ್ದು ನಿಮ್ಮ ತಪ್ಪು." ಸ್ಟೀರಾಯ್ಡ್ ಅಂದ ಕೂಡಲೇ ದನಿ ಬದಲಾಯಿತು. "ಪಂಪ್ ಬಿಡಿ ಅಂತ ನಾನು ಹೇಳೇ ಇಲ್ಲ. ರಸೀದಿ ಇದೆಯಾ?" ರಸೀದಿ ಎಲ್ಲಿಂದ ಬರಬೇಕು? ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ನಾನು ಆಯುರ್ವೇದದ ಮೇಲೆ ಹೇಳುತ್ತಿಲ್ಲ. ಓದಿದ ವೈದ್ಯರು ಬೇರೆ, ಇವನು ಬೇರೆ. ಪರವಾನಗಿ ನಂಬರ್, ಏನೇನಿದೆ ಅನ್ನೋ ಪಟ್ಟಿ, ಬ್ಯಾಚ್ ನಂಬರ್ ಇಲ್ಲದ್ದನ್ನು ಮಗುವಿನ ಬಾಯಿಗೆ ಹಾಕಬೇಡಿ. ಯಾರೋ ಹೇಳಿದರು ಅಂತ ಪಂಪ್ ಬಿಡಿಸಬೇಡಿ. ಡಾಕ್ಟರ್ ಕೇಳಿದಾಗ ನನ್ನ ಹಾಗೆ ಸುಳ್ಳು ಹೇಳಬೇಡಿ.

ನಾನು ನಂಬರ್ ಕೊಟ್ಟ ಇಬ್ಬರಲ್ಲಿ ಒಬ್ಬರು ಆ ಕಡೆ ಹೋಗಿರಲಿಲ್ಲ. ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ. ಅಕ್ಕಾ, ಇದನ್ನು ಓದಿದರೆ, ನಿಮ್ಮ ಹುಡುಗನಿಗೆ ಪುಡಿ ಇನ್ನೂ ನಡೀತಿದ್ದರೆ, ದಯವಿಟ್ಟು ನೀವಾಗಿ ತಟ್ಟನೆ ನಿಲ್ಲಿಸಬೇಡಿ. ಉಳಿದ ಪೊಟ್ಟಣ ತಗೊಂಡು ಇವತ್ತೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ನಾನೂ ಜೊತೆಗೆ ಬರುತ್ತೇನೆ.