ರಾತ್ರಿ ನೆಟ್ ನಿಧಾನ ಅಂತ ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಎರಡು ತಿಂಗಳ ಹಿಂದೆ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್‌ನಲ್ಲಿ ನನಗೊಂದು ಇಂಟರ್‌ವ್ಯೂ ಇತ್ತು. ಐದು ನಿಮಿಷ ಚೆನ್ನಾಗೇ ನಡೆಯಿತು. ಆಮೇಲೆ ಎದುರಿನವರ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು, ದನಿ ತುಂಡು ತುಂಡಾಯಿತು. ಹಾಲ್‌ನಲ್ಲಿ ಮಗ ನೋಡುತ್ತಿದ್ದ ಸಿನಿಮಾ ಮಾತ್ರ ಸಲೀಸಾಗಿ ಓಡುತ್ತಿತ್ತು. ಸಿಟ್ಟು ಬಂದು ಟಿವಿ ಆರಿಸಿದೆ. ಏನೂ ಸರಿಹೋಗಲಿಲ್ಲ. ಕೆಲಸವೂ ಸಿಗಲಿಲ್ಲ ಬಿಡಿ.

ಮಾರನೇ ದಿನ ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಪ್ಲಾನ್ ಸಾಲ್ತಿಲ್ಲ, 200 ಎಂಬಿಪಿಎಸ್ ಹಾಕಿಸಿ" ಅಂದರು. ನಾನು ಹಿಂದೆಮುಂದೆ ನೋಡದೆ ಇಡೀ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ. ಬೆಳಿಗ್ಗೆ ಟೆಸ್ಟ್ ಮಾಡಿದರೆ 190, ಖುಷಿಯೋ ಖುಷಿ. ರಾತ್ರಿ ಒಂಬತ್ತೂವರೆಗೆ 11! ವೈಫೈ ತೊಂದರೆ ಇರಬೇಕು ಅಂತ ಲ್ಯಾಪ್‌ಟಾಪಿಗೆ ರೂಟರ್‌ನಿಂದ ನೇರ ವೈರ್ ಎಳೆದೆ. 12.

ಲೈನ್ ನೋಡೋಕೆ ಬಂದ ಹುಡುಗ ನಿಜ ಹೇಳಿದ. ನಮ್ಮದು ಟಿವಿ ಕೇಬಲ್ ಮೇಲೆ ಬರುವ ಇಂಟರ್‌ನೆಟ್. ಆ ಕೇಬಲ್ಲನ್ನು ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಂಡಿವೆ. ನಮ್ಮ ಲೈನ್‌ನಲ್ಲಿ ಇಳಿದು ಬರೋಕೆ, ಅಂದ್ರೆ ಡೌನ್‌ಲೋಡ್‌ಗೆ, 8 ಚಾನೆಲ್ (ಟಿವಿ ಚಾನೆಲ್ ಅಲ್ಲ, ಡೇಟಾ ಬರುವ ದಾರಿಗಳು), ಒಂದೊಂದರಲ್ಲಿ ಸುಮಾರು 38 ಎಂಬಿಪಿಎಸ್, ಎಲ್ಲ ಸೇರಿದರೆ 300. ಒಂದು 4ಕೆ ಸಿನಿಮಾಕ್ಕೆ 15 ಅಂತ ಇಟ್ಟುಕೊಂಡರೂ ಇಪ್ಪತ್ತು ಮನೆಯಲ್ಲಿ ಒಟ್ಟಿಗೆ ಟಿವಿ ಹಾಕಿದರೆ ಮುಗೀತು, ನನ್ನ ಪ್ಲಾನ್ 200 ಆದರೇನು 500 ಆದರೇನು, ಪೈಪೇ ತುಂಬಿಹೋಗಿದೆ ಅಲ್ವಾ?

ಹಾಗಾದ್ರೆ ಮಗನ ಸಿನಿಮಾ ಯಾಕೆ ನಿಲ್ಲಲಿಲ್ಲ? ಟಿವಿ ಮುಂದಿನ ದೃಶ್ಯಗಳನ್ನು ಮೊದಲೇ ಎಳೆದು ಇಟ್ಟುಕೊಂಡಿರುತ್ತದೆ, ಲೈನ್ ಬಿಗಿಯಾದರೆ ಸದ್ದಿಲ್ಲದೆ ಚಿತ್ರದ ಗುಣಮಟ್ಟ ಇಳಿಸಿಕೊಂಡು 5 ಎಂಬಿಪಿಎಸ್‌ನಲ್ಲೂ ಓಡಿಸುತ್ತದೆ, ನೋಡುವವರಿಗೆ ಗೊತ್ತೇ ಆಗಲ್ಲ. ಕಾಲ್‌ನಲ್ಲಿ ಹಾಗೆ ಕೂಡಿಡೋಕೆ ಆಗಲ್ಲ, ತಡವಾಗಿ ಬಂದ ಮಾತು ಬಂದೂ ಪ್ರಯೋಜನವಿಲ್ಲ. ಅದರ ಮೇಲೆ ಕೇಬಲ್‌ನಲ್ಲಿ ಅಪ್‌ಲೋಡ್ ದಾರಿ ಇನ್ನೂ ಸಣ್ಣದು. ಯಾರದೋ ಮನೆಯ ಕ್ಯಾಮೆರಾ ದಿನವಿಡೀ ವಿಡಿಯೋ ಮೇಲೆ ಕಳಿಸುತ್ತಾ ಕೂತಿದ್ದರೆ ನಮ್ಮ ಮುಖ ಆಚೆ ಕಡೆಯವರಿಗೆ ತಲುಪೋದೇ ಕಷ್ಟ.

ಫೈಬರ್ ಹಾಕಿಸಿದರೆ ಸಾಕು ಅನ್ನೋರೂ ಇದ್ದಾರೆ. ಅದೂ ಹಂಚಿಕೆಯದ್ದೇ. ಜಿಪಾನ್ ಅನ್ನೋ ಮಾಮೂಲಿ ಫೈಬರ್‌ನಲ್ಲಿ ಸುಮಾರು 2.5 ಗಿಗಾಬಿಟ್, ಅಂದ್ರೆ 2500 ಎಂಬಿಪಿಎಸ್ ಅನ್ನು 32 ಅಥವಾ 64 ಮನೆಗೆ ಹಂಚುತ್ತಾರೆ. ಅಷ್ಟು ಬೇಗ ಉಸಿರುಗಟ್ಟಲ್ಲ ನಿಜ, ಆದ್ರೆ ಆ ಹಂಚಿಕೆಯಿಂದಾಚೆಗಿನ ಕಂಪನಿಯ ಲೈನ್ ಸಣ್ಣದಿದ್ದರೆ ಕಥೆ ಇದೇ.

ಆದ್ದರಿಂದ ದುಡ್ಡು ಕಟ್ಟೋ ಮುಂಚೆ ಒಂದು ವಾರ ವೈರ್ ಹಾಕಿಯೇ ಟೆಸ್ಟ್ ಮಾಡಿ, ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಬೆಳಿಗ್ಗೆ ಸರಿಯಾಗಿ ಬಂದು ರಾತ್ರಿ ಮಾತ್ರ ಬಿದ್ದರೆ ಹೆಚ್ಚಾಗಿ ತೊಂದರೆ ಹೊರಗಿನ ಲೈನ್‌ನದು. ಆ ಅಂಕಿಗಳನ್ನೇ ಹಿಡಿದು ದೂರು ಕೊಡಿ, ಪ್ಲಾನ್ ಮುಟ್ಟಬೇಡಿ. ಬದಲಾಯಿಸಲೇಬೇಕಿದ್ದರೆ ಒಂದೇ ತಿಂಗಳಿಗೆ ತಗೊಳ್ಳಿ.

ನಾನು ದುಡ್ಡು ವಾಪಸ್ ಕೇಳಿದೆ. ಪ್ಲಾನ್‌ನಲ್ಲಿ "200 ಎಂಬಿಪಿಎಸ್ ವರೆಗೆ" ಅಂತಿದೆ ನೋಡಿ ಅಂದರು. ಆ "ವರೆಗೆ" ಎಷ್ಟು ಸಣ್ಣ ಅಕ್ಷರದಲ್ಲಿತ್ತು ಅಂದ್ರೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಇನ್ನೂ ಹತ್ತು ತಿಂಗಳು ಬಾಕಿ ಇದೆ. ರಾತ್ರಿ ಮುಖ್ಯವಾದ ಕಾಲ್ ಇದ್ದರೆ ಫೋನ್ ಡೇಟಾ ಹಾಕಿಕೊಂಡು ಕೂರುತ್ತೇನೆ.