ಅಂಗ್ಕೋರ್ ಮೇಲೋ, ಅಯುತ್ತಯ ಮೇಲೋ? ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ನೋಡಿ ಬಂದಿದ್ದು

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನಾವಿಬ್ಬರೇ ಹೊರಟಿದ್ದು ಇದೇ ಮೊದಲು. 2024ರ ಡಿಸೆಂಬರ್, ಕ್ರಿಸ್‌ಮಸ್ ರಜೆ. ಮಕ್ಕಳಿಬ್ಬರನ್ನೂ ಹಾಸನದಲ್ಲಿ ಅಮ್ಮನ ಹತ್ತಿರ ಬಿಟ್ಟೆವು. ದೊಡ್ಡವನು ಅಜ್ಜಿ ಫೋನಿನಲ್ಲಿ ಮುಳುಗಿದ್ದ, ತಲೆ ಕೂಡ ಎತ್ತಲಿಲ್ಲ. ಚಿಕ್ಕವಳು ಮಾತ್ರ ಗೇಟಿನ ತನಕ ಬಂದು, "ಎಷ್ಟು ಸಲ ಮಲಗಿ ಎದ್ರೆ ಬರ್ತೀರ?" ಅಂದಳು. ಎಂಟು ಸಲ ಅಂದೆ.

ಬೀಚ್ ಬೇಡ, ಮಾಲ್ ಬೇಡ, ಹಳೇ ಊರು ನೋಡೋಣ ಅಂತ ಇಬ್ಬರಿಗೂ ಆಸೆ. "ಬೇಲೂರು, ಹಳೇಬೀಡು ಮಗ್ಗುಲಲ್ಲೇ ಹುಟ್ಟಿದವಳಿಗೆ ಇನ್ನೂ ಕಲ್ಲು ನೋಡೋ ಚಟವಾ?" ಅಂತ ಅಮ್ಮ ನಕ್ಕರು. ನಾನು ಕಾಂಬೋಡಿಯಾದ ಅಂಗ್ಕೋರ್ ಅಂದೆ. ನಮ್ಮನೆಯವರು ಥಾಯ್ಲೆಂಡಿನ ಅಯುತ್ತಯ ಅಂದರು. ಜಗಳ ಬೇಡ ಅಂತ ಎರಡನ್ನೂ ಸೇರಿಸಿದೆವು. ಬ್ಯಾಂಕಾಕಿನಲ್ಲಿ ಒಂದು ರಾತ್ರಿ, ಅಂಗ್ಕೋರ್ ಪಕ್ಕದ ಸಿಯೆಮ್ ರೀಪ್‌ನಲ್ಲಿ ನಾಲ್ಕು, ಅಯುತ್ತಯದಲ್ಲಿ ಮೂರು.

ಮೊದಲು ದುಡ್ಡಿನ ಮಾತು ಮುಗಿಸಿಬಿಡ್ತೀನಿ, ಅದರಲ್ಲಿ ಪೈಪೋಟಿಯೇ ಇಲ್ಲ. ಅಂಗ್ಕೋರ್ ಜಾಸ್ತಿ ದುಬಾರಿ. ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62 ಡಾಲರ್. ತಲೆಗೆ ಐದು ಸಾವಿರ ರೂಪಾಯಿ ದಾಟಿತು. ಪಾಸಿನ ಮೇಲೆ ನಮ್ಮ ಫೋಟೋ ಹಾಕಿ ಕೊಡುತ್ತಾರೆ, ಪ್ರತಿ ದೇವಸ್ಥಾನದ ಮುಂದೆ ನೋಡುತ್ತಾರೆ. ಅಯುತ್ತಯದಲ್ಲಿ ನಾವು ಹೋದಾಗ ಒಂದೊಂದು ಜಾಗಕ್ಕೆ ಥಾಯ್ ದುಡ್ಡಲ್ಲಿ 50 ಬಾತ್, ಆರು ಜಾಗಕ್ಕೆ ಸೇರಿಸಿ 220 ಬಾತ್. ಐನೂರು ಚಿಲ್ಲರೆ ರೂಪಾಯಿ, ಅಷ್ಟೇ. ಥಾಯ್ಲೆಂಡಿಗೆ ನಮಗೆ ವೀಸಾ ಬೇಕಾಗಲಿಲ್ಲ, ಕಾಂಬೋಡಿಯಾಕ್ಕೆ ದುಡ್ಡು ಕಟ್ಟಿ ಮಾಡಿಸಿದೆವು. ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತೆ, ಆದರೆ ನೋಟು ಗರಿಗರಿ ಇರಬೇಕು. ಅಂಚು ಒಂಚೂರು ಹರಿದಿದ್ದ ಇಪ್ಪತ್ತು ಡಾಲರ್ ನೋಟನ್ನು ಮೂರು ಅಂಗಡಿಯವರು ತಿರುಗಿಸಿ ಕೊಟ್ಟರು. ಅದು ಇನ್ನೂ ನಮ್ಮನೆ ಬೀರುವಿನಲ್ಲಿದೆ.

ಅಂಗ್ಕೋರ್ ವಾಟ್‌ಗೆ ಬೆಳಗಿನ ಜಾವ ಐದಕ್ಕೆ ಹೋದೆವು. ಆ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ, ಮುಂದಿನ ಕೊಳದಲ್ಲಿ ನೆರಳು ಬೀಳುತ್ತೆ. ಫೋಟೋದಲ್ಲಿ ನೋಡಿರ್ತೀರ. ಫೋಟೋದಲ್ಲಿ ಕಾಣದೆ ಇರೋದು ಕೊಳದ ದಡದ ಜನ. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ನಿಂತ ಹಾಗೆ ನಿಂತಿದ್ದೆವು, ಮುಂದಿನವರು ಎತ್ತಿ ಹಿಡಿದ ಫೋನುಗಳ ಸಂದಿಯಲ್ಲಿ ಇಣುಕುತ್ತಾ. ಅವತ್ತು ಮೋಡ ಬೇರೆ. ಆರೂವರೆಗೆ ಬೆಳಕಾಯಿತು, ಸೂರ್ಯ ಬರಲಿಲ್ಲ. ಜನ ತಿಂಡಿಗೆ ಅಂತ ಹೋಟೆಲುಗಳಿಗೆ ವಾಪಸ್ ಹೊರಟರು. ನಾವು ಒಳಗೆ ಹೋದೆವು. ಮಾಡಿದ ಒಳ್ಳೆ ಕೆಲಸ ಅದು.

ಅಷ್ಟೊತ್ತಿಗೆ ಕೆತ್ತನೆಯ ಪಡಸಾಲೆಗಳಲ್ಲಿ ನಾವಿಬ್ಬರು, ಪೊರಕೆ ಹಿಡಿದ ಒಬ್ಬ ಹೆಂಗಸು, ಅಷ್ಟೇ ಜನ. ಪಶ್ಚಿಮದ ಗೋಡೆ ಹಿಡಿದು ಬಲಕ್ಕೆ ನಡೆದರೆ ಕುರುಕ್ಷೇತ್ರ. ಎಡಗಡೆಯಿಂದ ಒಂದು ಸೈನ್ಯ, ಬಲಗಡೆಯಿಂದ ಇನ್ನೊಂದು, ನಡುವೆ ಸಿಕ್ಕಾಪಟ್ಟೆ ತಳ್ಳಾಟ. ನಾನು ಸುಮ್ನೆ ನೋಡ್ತಾ ಹೋಗ್ತಿದ್ದೆ. "ಏನೇ, ಇಲ್ಲಿ ಬಾ, ಯಾರು ಮಲಗಿದ್ದಾರೆ ನೋಡು" ಅಂತ ಇವರು ಕರೆದರು. ಭೀಷ್ಮ! ಮೈ ತುಂಬಾ ಬಾಣ. ನಮ್ಮಜ್ಜಿ ಊಟ ಕಲಸಿ ಕೈತುತ್ತು ಹಾಕ್ತಾ ಹೇಳಿದ ಶರಶಯ್ಯೆ, ಹಾಸನದಿಂದ ಇಷ್ಟು ದೂರದಲ್ಲಿ, ಒಂಬೈನೂರು ವರ್ಷದಿಂದ ಹೀಗೇ ಇದೆ. ಯಾವ ಬೋರ್ಡನ್ನೂ ಓದಬೇಕಾಗಲಿಲ್ಲ.

ಪೂರ್ವದ ಗೋಡೆಯಲ್ಲಿ ಸಮುದ್ರಮಥನ. ಸುಮಾರು ಐವತ್ತು ಮೀಟರ್ ಉದ್ದ, ಒಂದೇ ಹಾವು. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ಆಮೆಯ ಮೇಲೆ ಮಂದರ, ಅದರ ಮುಂದೆ ವಿಷ್ಣು. ಅಸುರರಿಗೆ ಗುಡ್ಡೆಗಣ್ಣು, ದೇವತೆಗಳಿಗೆ ಬಾದಾಮಿ ಕಣ್ಣು. ಕೆಲವು ಕಡೆ ಕಲ್ಲು ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ, ಎಷ್ಟೋ ಜನ ಮುಟ್ಟಿ ಮುಟ್ಟಿ ಆದದ್ದು. ಹಾವಿನ ಬಾಲದ ತುದಿ ಹಿಡಿದವನನ್ನು ನೋಡಿದರೆ ಕೋತಿ! ನಮ್ಮ ಕಥೆಯಲ್ಲಿ ಮಥನಕ್ಕೆ ಕೋತಿ ಎಲ್ಲಿ ಬಂತು? ಈ ಒಂದು ಪ್ರಶ್ನೆ ಮೇಲೆ ನಾವಿಬ್ಬರೂ ಅರ್ಧ ಗಂಟೆ ವಾದ ಮಾಡಿದೆವು. ಮಕ್ಕಳು ಜೊತೆಗಿದ್ದಿದ್ದರೆ ಐದು ನಿಮಿಷಕ್ಕೆ "ಐಸ್‌ಕ್ರೀಂ ಎಲ್ಲಿ" ಅಂತ ಶುರುವಾಗ್ತಿತ್ತು.

ಇದನ್ನು ಕಟ್ಟಿಸಲು ಶುರು ಮಾಡಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಇಬ್ಬರೂ ಒಂದೇ ಕಾಲದವರು, ಇಬ್ಬರೂ ಕಟ್ಟಿಸಿದ್ದು ವಿಷ್ಣುವಿಗೇ. ಆದರೆ ಒಬ್ಬರ ಗುಡಿಯ ಸುತ್ತ ಅರ್ಧ ಗಂಟೆಯಲ್ಲಿ ಪ್ರದಕ್ಷಿಣೆ ಹಾಕಬಹುದು, ಇನ್ನೊಬ್ಬರದರ ಕಂದಕದ ಅಗಲವೇ 190 ಮೀಟರ್.

ಮೇಲಿನ ಅಂತಸ್ತಿಗೆ ಕಡಿದಾದ ಮೆಟ್ಟಿಲು. ಕಾವಲುಗಾರ ಇವರನ್ನು ಮೇಲಿಂದ ಕೆಳಗೆ ನೋಡಿ ತಲೆ ಅಲ್ಲಾಡಿಸಿದ. ಚಡ್ಡಿ! ಮಂಡಿ, ಭುಜ ಮುಚ್ಚಿರಬೇಕು ಅಂತ ನಾನು ಬೆಂಗಳೂರಲ್ಲೇ ಹೇಳಿದ್ದೆ. ಹೊರಗೆ ಬಂದು ಆನೆ ಚಿತ್ರದ ತೆಳ್ಳನೆ ಪ್ಯಾಂಟ್ ಕೊಂಡರು. ಐದು ಡಾಲರ್ ಹೇಳಿದವಳು ಮೂರಕ್ಕೆ ಕೊಟ್ಟಳು. ನೇರಳೆ ಬಣ್ಣ, ಮೇಲೆ ಬಿಳಿ ಆನೆಗಳು. ಮತ್ತೆ ಸಾಲಿನಲ್ಲಿ ಮುಕ್ಕಾಲು ಗಂಟೆ. ಮೇಲಿನ ನೋಟ ಅಷ್ಟಕ್ಕೇನೂ ಅಲ್ಲ ಅಂತ ಇವರ ಅಭಿಪ್ರಾಯ. ಮಂಡಿನೋವಿನವರ ಅಭಿಪ್ರಾಯ ಅದು ಅಂತ ನನ್ನದು.

ಅಂಗ್ಕೋರ್‌ನ ಇನ್ನೊಂದು ಗುಡಿ ಬಾಯೊನ್‌ನ ಕಲ್ಲಿನ ಮುಖಗಳು ಚೆನ್ನಾಗಿವೆ, ಅಲ್ಲೂ ನೂಕುನುಗ್ಗಲು. ತಾ ಪ್ರೋಮ್ ಗುಡಿಯಲ್ಲಿ ಮರದ ಬೇರುಗಳು ಗೋಡೆ ಮೇಲೆ ಹೆಬ್ಬಾವಿನ ಹಾಗೆ ಇಳಿದಿವೆ. ಏಳನೇ ಜಯವರ್ಮ 1186ರಲ್ಲಿ ತಾಯಿಯ ನೆನಪಿಗೆ ಮಾಡಿಸಿದ್ದು. ಅದನ್ನು ರಿಪೇರಿ ಮಾಡುತ್ತಿರೋದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರೇ. ಬೋರ್ಡಿನಲ್ಲಿ ನಮ್ಮ ದೇಶದ ಹೆಸರು ಕಂಡು ಖುಷಿಯಾಯಿತು. ಆದರೆ ಹೆಸರಾದ ಮರದ ಮುಂದೆ ಫೋಟೋಗೆ ಕ್ಯೂ.

ನನ್ನ ಮನಸ್ಸು ಗೆದ್ದಿದ್ದು ಬಾಂತೇ ಸ್ರೇ. ಅಂಗ್ಕೋರ್‌ನ ಮುಖ್ಯ ಗುಡಿಗಳಿಂದ ಇಪ್ಪತ್ತೈದು ಕಿಲೋಮೀಟರ್ ದೂರ, ಬೈಕಿಗೆ ಕಟ್ಟಿದ ಗಾಡಿಯಲ್ಲಿ ಹೋಗಬೇಕು. ಅಲ್ಲಿ ಅದನ್ನೇ ಟುಕ್‌ಟುಕ್ ಅನ್ನುತ್ತಾರೆ. ದಾರಿಯುದ್ದಕ್ಕೂ ಕೆಂಪು ಧೂಳು, ತಾಳೆಬೆಲ್ಲ ಕಾಯಿಸುವ ಬಾಣಲೆಗಳು. ದೇವಸ್ಥಾನ ಗುಲಾಬಿ ಕಲ್ಲಿನದು. 967ರಲ್ಲಿ ಪ್ರತಿಷ್ಠೆಯಾದದ್ದು, ಅಂದರೆ ಹಳೇಬೀಡಿಗಿಂತ ಒಂದೂವರೆ ಶತಮಾನ ಹಿಂದಿನದು. ಬಾಗಿಲುಗಳು ಎದೆಮಟ್ಟ. ಅಲ್ಲಿ ರಾವಣ ಕೈಲಾಸ ಅಲ್ಲಾಡಿಸುವ ಕೆತ್ತನೆ ಇದೆ. ಹಳೇಬೀಡಿನ ಗೋಡೆಯಲ್ಲೂ ಅದೇ ರಾವಣ, ಅದೇ ಕೈಲಾಸ. ಶಾಲೆ ಟೂರಿನಲ್ಲಿ ಅದರ ಮುಂದೆ ನಿಂತು ಪುಳಿಯೋಗರೆ ತಿಂದಿದ್ದೆ. ಇಲ್ಲಿ ಪಾರ್ವತಿ ಹೆದರಿ ಶಿವನನ್ನು ಹಿಡಿದುಕೊಂಡ ರೀತಿ ಇದೆಯಲ್ಲ, ಕೆಳಗಿನ ಪ್ರಾಣಿಗಳ ಗಾಬರಿ ಇದೆಯಲ್ಲ, ಇದೇ ಒಂಚೂರು ಮೇಲು. ಹಾಸನದವಳಾಗಿ ಈ ಮಾತು ಬರೆಯೋಕೆ ಕಷ್ಟ ಆಗ್ತಿದೆ.

ಅಂಗ್ಕೋರ್‌ನಲ್ಲಿ ಕಾಡಿದ್ದು ದಣಿವು. ಜಾವಕ್ಕೆ ಎದ್ದು, ಮಧ್ಯಾಹ್ನದ ತನಕ ಹತ್ತಿಳಿದು, ಸಂಜೆ ರೂಮಿಗೆ ಬಂದರೆ ಹತ್ತು ನಿಮಿಷ ಮಕ್ಕಳಿಗೆ ವಿಡಿಯೋ ಕಾಲ್, ಆಮೇಲೆ ನಿದ್ದೆ. ನಾಲ್ಕು ದಿನ ನಾವು ಮಾತಾಡಿದ್ದೆಲ್ಲ ವಾಸುಕಿ, ವಾಲಿ, ರಾವಣನ ಬಗ್ಗೆಯೇ. ನಾನು ಸಸ್ಯಾಹಾರಿ, ಇವರು ಎಲ್ಲ ತಿನ್ನುತ್ತಾರೆ. ಸಿಯೆಮ್ ರೀಪ್‌ನಲ್ಲಿ ಇಂಡಿಯನ್ ಹೋಟೆಲುಗಳಿವೆ, ನನಗೆ ತೊಂದರೆಯಾಗಲಿಲ್ಲ. ಊಟ ನೆನಪಿಟ್ಟುಕೊಳ್ಳುವಂಥದ್ದೂ ಅಲ್ಲ.

ಇನ್ನು ಅಯುತ್ತಯ. ಬ್ಯಾಂಕಾಕಿಗೆ ವಾಪಸ್ ಬಂದು ಮೂರನೇ ಕ್ಲಾಸ್ ರೈಲು ಹತ್ತಿದೆವು. ಇಪ್ಪತ್ತು ಬಾತ್ ಆಸುಪಾಸು ಟಿಕೆಟ್, ಸುಮಾರು ಎಪ್ಪತ್ತು ಕಿಲೋಮೀಟರ್. ಕಿಟಕಿ ತೆರೆದೇ ಇರುತ್ತೆ, ಬುಟ್ಟಿ ಹಿಡಿದ ಹೆಂಗಸರು ತಿಂಡಿ ಮಾರುತ್ತಾ ಬರುತ್ತಾರೆ. ಥೇಟ್ ನಮ್ಮ ಅರಸೀಕೆರೆ ಪ್ಯಾಸೆಂಜರ್. ಸ್ಟೇಷನ್ನಿಂದ ನಡೆದರೆ ನದಿ. ಮೂರು ನದಿಗಳ ನಡುವೆ ದ್ವೀಪದ ಹಾಗಿದೆ ಹಳೇ ಊರು. ಚಿಲ್ಲರೆ ಕಾಸು ಕೊಟ್ಟು ದೋಣಿಯಲ್ಲಿ ದಾಟಿದೆವು.

ಮೊದಲ ನೋಟಕ್ಕೆ ನನಗೆ ಅಯ್ಯೋ ಅನ್ನಿಸಿತು. ಎಲ್ಲಿ ನೋಡಿದರೂ ಇಟ್ಟಿಗೆ. ಗಾರೆ ಉದುರಿ ಹೋಗಿ, ಗೋಪುರ ವಾಲಿ, ದೂರದಿಂದ ಇಟ್ಟಿಗೆ ಗೂಡು ಸುಟ್ಟು ಬಿಟ್ಟ ಹಾಗೆ. ಅಂಗ್ಕೋರ್ ನೋಡಿದ ಕಣ್ಣಿಗೆ ಏನೂ ಹಿಡಿಸಲಿಲ್ಲ. ಇದಕ್ಕಾ ಹಟ ಮಾಡಿದ್ದು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಯುತ್ತಯಕ್ಕೆ ಅನ್ಯಾಯ ಮಾಡಿದ್ದು ನಮ್ಮ ಟಿಕೆಟ್ಟು. ಇದನ್ನು ಮೊದಲು ನೋಡಬೇಕಿತ್ತು.

ಅಯುತ್ತಯ ಅಂದರೆ ಅಯೋಧ್ಯೆ. ಕಟ್ಟಿದ ರಾಜನ ಬಿರುದು ರಾಮಾಧಿಪತಿ. 1351ರಿಂದ 1767ರ ತನಕ ರಾಜಧಾನಿ. ಹಂಪಿ ಹಾಳಾದದ್ದು 1565ರಲ್ಲಿ ಅಲ್ವಾ, ಇದು ಅದಾದ ಇನ್ನೂರು ವರ್ಷಕ್ಕೆ ಬರ್ಮಾದವರ ಕೈಗೆ ಸಿಕ್ಕಿ ಸುಟ್ಟು ಹೋಯಿತು. ಉಳಿದ ಇಟ್ಟಿಗೆಯಲ್ಲೂ ಎಷ್ಟೋ ದೋಣಿಗೆ ತುಂಬಿ ಬ್ಯಾಂಕಾಕ್ ಕಟ್ಟೋಕೆ ಒಯ್ದರು. ಮಜಾ ಏನು ಅಂದರೆ, ಇದೇ ಅಯುತ್ತಯದವರು 1431ರಲ್ಲಿ ಅಂಗ್ಕೋರ್ ಲೂಟಿ ಮಾಡಿದ್ದರು. ಅಲ್ಲಿಂದ ತಂದ ಕಂಚಿನ ವಿಗ್ರಹಗಳನ್ನು 1569ರಲ್ಲಿ ಬರ್ಮಾದವರು ಹೊತ್ತುಕೊಂಡು ಹೋದರು. ಬರ್ಮಾದಲ್ಲೂ ಒಬ್ಬರಿಂದ ಒಬ್ಬರ ಕೈ ಸೇರಿ, ಈಗ ಅವು ಮಾಂಡಲೆಯಲ್ಲಿವೆ. ಹೊಟ್ಟೆನೋವಿದ್ದವರು ವಿಗ್ರಹದ ಹೊಟ್ಟೆ ಸವರುತ್ತಾರಂತೆ.

ವಾಟ್ ಮಹಾಥಾಟ್ ಅನ್ನೋ ಹಳೇ ಬೌದ್ಧ ಗುಡಿಯಲ್ಲಿ ಅರಳಿಮರದ ಬೇರಿನೊಳಗೆ ಬುದ್ಧನ ತಲೆ ಸಿಕ್ಕಿಕೊಂಡಿದೆ. ಫೋಟೋ ತೆಗೆಸಿಕೊಳ್ಳುವವರು ಕೂತೇ ತೆಗೆಸಿಕೊಳ್ಳಬೇಕು, ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ಸುತ್ತ ರುಂಡವಿಲ್ಲದ ಬುದ್ಧರ ಸಾಲು. ಹಂಪಿಯ ಉಗ್ರನರಸಿಂಹನ ಮುಂದೆ ನಿಂತಾಗ ಆಗುತ್ತಲ್ಲ, ಆ ಥರ ಸಂಕಟ.

ಎರಡನೇ ದಿನ ಬಾಡಿಗೆ ಸೈಕಲ್ ತಗೊಂಡೆವು. ಇಲ್ಲಿಂದ ಆಟ ಬದಲಾಯಿತು. ಊರು ಚಪ್ಪಟೆ, ಏರಿಲ್ಲ, ಮಂಡಿಗೆ ಆರಾಮ. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನನ್ನ ಸೈಕಲ್ಲಿನ ಚೈನ್ ಎರಡು ಸಲ ಬಿತ್ತು. ಇವರು ಆನೆ ಪ್ಯಾಂಟನ್ನು ಮಂಡಿ ತನಕ ಮಡಚಿ, ನೆಲಕ್ಕೆ ಕೂತು ಚೈನ್ ಹಾಕಿದರು. ಕೈಯೆಲ್ಲ ಗ್ರೀಸ್. "ಕಾಲೇಜಿಗೆ ಹೋಗುವಾಗಲೂ ನಿನ್ನ ಸೈಕಲ್ ಚೈನ್ ಹೀಗೇ ಬೀಳ್ತಿತ್ತಾ?" ಅಂದರು. ನನ್ನ ಕಾಲೇಜಿನ ಸೈಕಲ್ ವಿಷಯ ಹದಿನಾಲ್ಕು ವರ್ಷದಲ್ಲಿ ಅವರು ಕೇಳಿದ್ದು ಅದೇ ಮೊದಲು. ಹೇಳ್ತಾ ಹೇಳ್ತಾ ಚಾವೋ ಫ್ರಾಯಾ ನದಿ ದಾಟಿ ವಾಟ್ ಚೈವತ್ತನಾರಾಮ್ ಮುಟ್ಟಿದ್ದೇ ಗೊತ್ತಾಗಲಿಲ್ಲ. 1630ರಲ್ಲಿ ಕಟ್ಟಿಸಿದ್ದು, ಗೋಪುರಗಳು ಅಂಗ್ಕೋರ್ ಶೈಲಿಯವೇ. ಥಾಯ್ ಹುಡುಗಿಯರು ಹಳೇ ಕಾಲದ ರೇಷ್ಮೆ ಉಡುಪು ಬಾಡಿಗೆಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ತಿದ್ದರು. ಸಂಜೆ ಬಿಸಿಲಿಗೆ ಇಟ್ಟಿಗೆ ಕೆಂಡದ ಬಣ್ಣಕ್ಕೆ ತಿರುಗಿತು. ನದಿ ಕಡೆ ಮುಖ ಮಾಡಿ ಕತ್ತಲಾಗುವ ತನಕ ಕೂತಿದ್ದೆವು. ಅಂಗ್ಕೋರ್‌ನಲ್ಲಿ ಹೀಗೆ ಒಂದು ಸಂಜೆಯೂ ಕೂತಿರಲಿಲ್ಲ.

ತಿನ್ನೋದರಲ್ಲಿ ಅಯುತ್ತಯದ್ದೇ ಮೇಲುಗೈ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಅಂತ ಬರೆದಿದ್ದರೆ ಅಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲ. ಆ ಒಂದು ಅಕ್ಷರ ಗುರುತಿಟ್ಟುಕೊಂಡರೆ ಸಾಕು. ಇವರಿಗೆ ಮೊಣಕೈ ಉದ್ದದ ನದಿ ಸಿಗಡಿ ಸಿಕ್ಕಿತು. ನನಗೆ ಸಿಕ್ಕಿದ್ದು ರೋಟಿ ಸಾಯ್ ಮಾಯ್. ಎಳೆ ಎಳೆ ಸಕ್ಕರೆ, ನಮ್ಮ ಬಾಂಬೆ ಮಿಠಾಯಿ ಇದ್ದ ಹಾಗೆ, ಆದರೆ ಕೂದಲಿನಂತೆ ಉದ್ದ. ತೆಳು ರೊಟ್ಟಿಯಲ್ಲಿ ಸುತ್ತಿಕೊಂಡು ತಿನ್ನಬೇಕು. ರೊಟ್ಟಿ ಮಾಡುವ ಮುಸ್ಲಿಂ ಅಜ್ಜಿ ಹಿಟ್ಟಿನ ಮುದ್ದೆಯನ್ನು ಬಿಸಿ ಕಾವಲಿಗೆ ಹಾಗೇ ಒರೆಸಿ ಎತ್ತುತ್ತಿದ್ದರು. ಅಂಟಿಕೊಂಡಷ್ಟೇ ರೊಟ್ಟಿ. ಹೋಳಿಗೆ ತಟ್ಟೋಕೆ ಅರ್ಧ ದಿನ ತಗೊಳ್ಳೋ ನಾನು ಬಾಯಿ ಬಿಟ್ಟು ನಿಂತಿದ್ದೆ.

ಯಾವುದು ಮೇಲು ಅಂತ ಗೆಳತಿಯರು ಕೇಳ್ತಾರೆ. ನೋಡೋಕೆ ಅಂಗ್ಕೋರ್, ಎರಡನೇ ಮಾತಿಲ್ಲ. ಮಕ್ಕಳಿಲ್ಲದೆ ಹೋಗಬೇಕಾದದ್ದೂ ಅದೇ. ಹನ್ನೆರಡು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಇಲ್ಲ ನಿಜ, ಆದರೆ ಆ ಜಾವದ ಎಚ್ಚರ, ಆ ಮೆಟ್ಟಿಲು, ಒಂದು ಗೋಡೆ ಮುಂದೆ ಎರಡು ಗಂಟೆ ನಿಲ್ಲೋದು ಮಕ್ಕಳ ಕೈಲಿ ಆಗಲ್ಲ. ಮೂರು ದಿನದ ಪಾಸೇ ತಗೊಳ್ಳಿ, ಸೂರ್ಯೋದಯದ ಹಿಂದೆ ಬೀಳಬೇಡಿ, ಬೆಳಗಿನ ಏಳು ಗಂಟೆ ಪಡಸಾಲೆಗಳಿಗೆ ಇಟ್ಟುಕೊಳ್ಳಿ. ಅಯುತ್ತಯವನ್ನು ಮಕ್ಕಳ ಜೊತೆಗೂ ನೋಡಬಹುದು, ಬ್ಯಾಂಕಾಕಿನಿಂದ ಒಂದೇ ದಿನದಲ್ಲೂ ಮುಗಿಸಬಹುದು. ಆದರೆ ಗಂಡ ಹೆಂಡತಿ ಇಬ್ಬರೇ ಹೋಗ್ತಿದ್ದರೆ ಎರಡು ರಾತ್ರಿಯಾದರೂ ಇರಿ. ಎರಡನ್ನೂ ಸೇರಿಸೋದಾದರೆ ಅಯುತ್ತಯ ಮೊದಲು, ಅಂಗ್ಕೋರ್ ಆಮೇಲೆ. 2025ರಲ್ಲಿ ಎರಡು ದೇಶಗಳ ನಡುವೆ ಗುಂಡು ಹಾರಿ ರಸ್ತೆ ಗಡಿ ಮುಚ್ಚಿತ್ತು. ಹಾಗಾಗಿ ವಿಚಾರಿಸಿಕೊಂಡೇ ಟಿಕೆಟ್ ಮಾಡಿಸಿ.

ಇವರು ಮಾತ್ರ ಇವತ್ತಿಗೂ ಅಯುತ್ತಯವೇ ಅನ್ನುತ್ತಾರೆ. ಭಾನುವಾರ ಮಕ್ಕಳ ಸೈಕಲ್ಲಿಗೆ ಎಣ್ಣೆ ಹಾಕೋಕೆ ಕೂತಾಗ ಹಾಕಿಕೊಳ್ಳೋದು ಆ ಆನೆ ಪ್ಯಾಂಟನ್ನೇ. ಮಂಡಿ ಹತ್ತಿರ ಅಯುತ್ತಯದ ಗ್ರೀಸ್ ಕಲೆ ಇನ್ನೂ ಹೋಗಿಲ್ಲ.